ಸೌಡಿಯ ಕಾದಂಬರಿಗೆ ನಾನು ಸೇರಿಸಿದ ಮೂರು ಪುಟ

ರಾಜ್ಯಕ್ಕೆ ಹೊಸ ಹೆಸರು ಬಂದು ಎರಡೋ ಮೂರೋ ವರ್ಷವಾಗಿತ್ತು. ನಾನು ಮದ್ದೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತನಾಗಿದ್ದೆ. ಒಂದು ದಿನ ಮೂರನೆಯ ಪೀರಿಯಡ್ಡಿನ ನಡುವೆ ಜವಾನ ಒಂದು ಲಕೋಟೆ ತಂದುಕೊಟ್ಟ. ‘ದುಡಿಯುವ ಕೈಗಳ ಮಾಲೆ’ ಎಂಬ ಪುಸ್ತಕ ಯೋಜನೆ ಜಿಲ್ಲೆಯಲ್ಲಿ ಜಾರಿಗೆ ಬಂದಿದೆಯೆಂದೂ, ಮೈಮುರಿದು ದುಡಿಯುವವರು ಬರೆದದ್ದನ್ನು ಮಾತ್ರ ಅದರಲ್ಲಿ ಅಚ್ಚು ಮಾಡಲಾಗುವುದೆಂದೂ, ಅಂಥ ಬರಹಗಳ ದೋಷಗಳನ್ನು ತಿದ್ದಲು ನನ್ನನ್ನು ‘ಪರಿಷ್ಕರಣಕಾರ’ ಎಂದು ನೇಮಿಸಲಾಗಿದೆಯೆಂದೂ ಅದರಲ್ಲಿತ್ತು. ದೋಷಗಳು ಇದ್ದೇ ಇರುತ್ತವೆಂಬ ಬಗ್ಗೆ ಆದೇಶಕ್ಕೆ ಸಂಶಯವಿರಲಿಲ್ಲ. ನನಗೂ ಇರಲಿಲ್ಲ. ಇಪ್ಪತ್ತು ವರ್ಷ ಮಕ್ಕಳ ನೋಟ್‌ಬುಕ್ಕುಗಳಲ್ಲಿ ಕೆಂಪು ಶಾಯಿ ಹರಿಸಿದವನಿಗೆ ಲೋಕವೆಲ್ಲ ತಿದ್ದದೆ ಬಿದ್ದಿರುವ ನೋಟ್‌ಬುಕ್ಕಿನ ರಾಶಿಯಂತೆ ಕಾಣುವುದು ಸಹಜ. ಅಂದು ಸಂಜೆಯೇ ಎರಡು ಬಾಟಲಿ ಕೆಂಪು ಶಾಯಿ ತಂದಿಟ್ಟುಕೊಂಡೆ.

ಯೋಜನೆಯ ವಿಧಿವಿಧಾನಗಳು ಯಜ್ಞಕ್ಕೇನೂ ಕಡಿಮೆಯಿರಲಿಲ್ಲ. ಬರೆದವನು ನಿಜವಾಗಿಯೂ ದೈಹಿಕ ಶ್ರಮದಿಂದ ಜೀವಿಸುವವನೆಂದು ಗೆಜೆಟೆಡ್ ಅಧಿಕಾರಿಯೊಬ್ಬರು ಪ್ರಮಾಣಪತ್ರ ಕೊಡಬೇಕು. ಅರ್ಜಿಯೊಡನೆ ‘ಕೆಲಸದ ಸಲಕರಣೆಯ ಸಮೇತ ತೆಗೆಸಿದ ಭಾವಚಿತ್ರ’ ಲಗತ್ತಿಸಬೇಕು. ಹಸ್ತಪ್ರತಿ ಮೊದಲು ನನ್ನ ಬಳಿ ಬಂದು, ಶುದ್ಧವಾಗಿ, ಮಂಡ್ಯದ ತ್ರಿಸದಸ್ಯ ಸಮಿತಿಗೆ ಹೋಗಬೇಕು. ಕೊನೆಯಲ್ಲಿ ಒಂದು ನಿಯಮವಿತ್ತು: ಲೇಖಕರ ಸ್ವಾನುಭವದ ಭಾಗಗಳೆಂದು ಸಮಿತಿ ಗುರುತು ಮಾಡಿದ ಪುಟಗಳನ್ನು ಆಮೇಲೆ ಪರಿಷ್ಕರಣಕಾರರು ಮುಟ್ಟತಕ್ಕದ್ದಲ್ಲ. ನನ್ನಂಥವರ ಕೈಯಿಂದ ಶ್ರಮಿಕರನ್ನು ಕಾಪಾಡಲು ಸಮಿತಿಯ ಪ್ರೊಫೆಸರರು ಹೋರಾಡಿ ಸೇರಿಸಿದ ನಿಯಮ ಅದು. ನ್ಯಾಯವಾದದ್ದೇ. ನನ್ನಂಥವರನ್ನು ನಾನು ಬಲ್ಲೆ.

ಮೊದಲು ಬಂದ ಹಸ್ತಪ್ರತಿ ಬೆಳಕವಾಡಿ ಕಡೆಯ ಒಬ್ಬ ಸೌಡಿಯದು. ಸೌಡಿಯೆಂದರೆ ನಾಲೆಯ ತೂಬು ತೆರೆದು ಮುಚ್ಚಿ, ಪಾಳಿಯ ಪ್ರಕಾರ ಗದ್ದೆಗಳಿಗೆ ನೀರು ಹಂಚುವ, ನೀರಾವರಿ ಇಲಾಖೆಯ ಕಟ್ಟಕಡೆಯ ನೌಕರ. ಹಳೆಯ ಪಾಳಿಪಟ್ಟಿಗಳ ಹಿಂಬದಿಯಲ್ಲಿ ಒತ್ತೊತ್ತಾಗಿ ಬರೆದ ನೂರ ನಲವತ್ತು ಪುಟದ ಕಾದಂಬರಿ. ಹೆಸರು ‘ಎಂಟನೆಯ ವರ್ಗಾವಣೆ’.

ಕಥೆ ಇಷ್ಟೆ. ಒಬ್ಬ ಇಂಜಿನಿಯರಿಗೆ ವರ್ಗವಾಗುತ್ತದೆ. ಆರ್ಡರು ಬಂದ ದಿನದಿಂದ ಲಾರಿ ಹೊರಡುವ ದಿನದವರೆಗೆ ಅವರ ಹೆಂಡತಿ ಮನೆ ಕಟ್ಟುತ್ತಾಳೆ, ಅಂದರೆ ಗಂಟು ಕಟ್ಟುತ್ತಾಳೆ. ಪಿಂಗಾಣಿಯನ್ನು ಹುಲ್ಲಿನಲ್ಲಿಟ್ಟು ಪೆಟ್ಟಿಗೆಗೆ ತುಂಬುತ್ತಾಳೆ. ಉಪ್ಪಿನಕಾಯಿ ಜಾಡಿಗಳು ಲಾರಿಯಲ್ಲಿ ಉಳಿಯುವುದಿಲ್ಲ. ಮುಂದೆ ಬರುವವಳಿಗೆಂದು ಬಿಟ್ಟು ಹೋಗುತ್ತಾಳೆ. ಹೋದ ಊರಿನಲ್ಲಿ ಇನ್ನಾರೋ ಬಿಟ್ಟ ಜಾಡಿ ಇರುತ್ತದೆ. ಎಂಟು ಊರಿನಲ್ಲಿ ಎಂಟು ಕಾಣದ ಹೆಂಗಸರ ಕೈ ಉಪ್ಪು ತಿಂದವಳು, ತನ್ನ ಉಪ್ಪನ್ನು ಯಾರು ತಿಂದರೋ ತಿಳಿಯದವಳು. ಅಳು ಇಲ್ಲ, ಉಪದೇಶವಿಲ್ಲ.

ಕೆಂಪು ಶಾಯಿಯಲ್ಲಿ ಹನ್ನೊಂದು ಕಡೆ ತಿದ್ದಿದೆ. ನಿಘಂಟು ನೋಡಿದ ಮೇಲೆ ಅದರಲ್ಲಿ ನಾಲ್ಕನ್ನು ಹೊಡೆದುಹಾಕಬೇಕಾಯಿತು. ಸೌಡಿ ಬರೆದದ್ದೇ ಸರಿಯಿತ್ತು. ಎರಡನೆಯ ಬಾಟಲಿಯ ಮುಚ್ಚಳ ತೆರೆಯಲೇ ಇಲ್ಲ. ಒಳ್ಳೆಯ ಪುಸ್ತಕ ಕೈಗೆ ಸಿಕ್ಕ ಪಂಡಿತನಷ್ಟು ನಿರುದ್ಯೋಗಿ ಇನ್ನೊಬ್ಬನಿಲ್ಲ.

ಸಮಿತಿ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ವಿದ್ಯಾಧಿಕಾರಿ. ಪ್ರೊಫೆಸರರು ಇನ್ನೂ ಚಿಕ್ಕ ವಯಸ್ಸಿನವರು. ಈ ಯೋಜನೆಗಾಗಿ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದವರು. ಮೂರನೆಯವರು ಸದಸ್ಯ ಕಾರ್ಯದರ್ಶಿ. ಅವರು ಫೈಲನ್ನು ಬಲ್ಲರು, ಅದರಾಚೆಗಿನದನ್ನು ಬಲ್ಲೆನೆಂದು ಎಂದೂ ಹೇಳಿಕೊಂಡವರಲ್ಲ.

“ಪಂಡಿತರೇ, ಕಥೆ ಚೆನ್ನಾಗಿದೆ,” ಎಂದರು ಅಧ್ಯಕ್ಷರು. “ಅದೇ ತೊಂದರೆ.”

“ಇದರಲ್ಲಿ ಸೌಡಿ ಎಲ್ಲಿದ್ದಾನೆ ಸಾರ್?” ಎಂದರು ಪ್ರೊಫೆಸರರು.

“ಬರೆದವನೇ ಸೌಡಿಯಲ್ಲವೇ?” ಎಂದೆ.

“ಓದುವವನಿಗೆ ಅದು ಹೇಗೆ ಗೊತ್ತಾಗಬೇಕು?”

“ರಕ್ಷಾಪುಟದ ಮೇಲೆ ಫೋಟೋ ಇರುತ್ತದಲ್ಲ, ತೂಬಿನ ಕೀಲಿ ಸಮೇತ.”

“ಹೊರಗೆ ಸೌಡಿ, ಒಳಗೆ ಇಂಜಿನಿಯರ ಹೆಂಡತಿ! ಜನ ಏನಂತಾರೆ ಮೇಷ್ಟ್ರೇ? ಇವನ ಹಸಿವೆಲ್ಲಿ, ಬೆವರೆಲ್ಲಿ? ತನ್ನ ಜೀವನವನ್ನೇ ಬರೆಯೋಕೆ ಇವನಿಗೆ ನಾಚಿಕೆ. ಆ ನಾಚಿಕೆ ಬಿಡಿಸೋದಕ್ಕೇ ನಾವಿರೋದು.”

ಪ್ರೊಫೆಸರರು ಅದನ್ನು ಮನಸಾರೆ ಹೇಳಿದ್ದರು. ನಟನೆಯಲ್ಲ. ಒಂದು ಸೌಡಿಯ ಪಾತ್ರ, ನಾಲೆಯ ಬದುಕಿನ ಕೆಲವು ಪುಟಗಳು ಸೇರತಕ್ಕದ್ದೆಂದು ತೀರ್ಮಾನವಾಯಿತು. ಲೇಖಕನ ಮನವೊಲಿಸುವ ಕೆಲಸ ಪರಿಷ್ಕರಣಕಾರನ ತಲೆಗೆ ಬಂತು. ಮಾರ್ಚಿ ತಿಂಗಳೊಳಗೆ ಅಚ್ಚಾಗದಿದ್ದರೆ ಮಂಜೂರಾತಿ ಬಿದ್ದುಹೋಗುತ್ತದೆಂದು ಕಾರ್ಯದರ್ಶಿಗಳು ಫೈಲು ಕಟ್ಟುತ್ತ ಹೇಳಿದರು. ಆಗ ಸಂಕ್ರಾಂತಿ ಕಳೆದಿತ್ತು.

ಮುಂದಿನ ಭಾನುವಾರ ಮಳವಳ್ಳಿಗೆ ಹೋಗಿ, ಬಸ್ಸು ಬದಲಿಸಿ, ಬೆಳಕವಾಡಿಯಲ್ಲಿಳಿದು, ನಾಲೆ ಏರಿಯ ಮೇಲೆ ನಡೆದೆ. ಆತ ಹೆಗಲ ಮೇಲೆ ತೂಬು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಎದುರಿಗೇ ಬಂದ. ಸಣ್ಣ ಆಳು, ನಲವತ್ತರ ಮೇಲಿನ ವಯಸ್ಸು. ನನಗೊಂದು ಸಂಕಟ ಎದುರಾಯಿತು. ನಾಲೆಯ ಮೇಲೆ ಸಿಕ್ಕ ಸೌಡಿಯನ್ನು ನನ್ನ ಕಾಲದವರು ‘ನೀನು’ ಎನ್ನುವುದು ರೂಢಿ. ಆ ಹಸ್ತಪ್ರತಿ ಓದಿದ ಮೇಲೆ ಏಕವಚನ ಬಾಯಿಂದ ಹೊರಡಲಿಲ್ಲ. ಅಭ್ಯಾಸವಿಲ್ಲದ್ದರಿಂದ ಬಹುವಚನವೂ ಹೊರಡಲಿಲ್ಲ. “ಪುಸ್ತಕ ಬರೆದದ್ದು ಇಲ್ಲಿಯೇ ತಾನೆ? ಊಟವಾಯಿತೆ?” ಎಂದು ಕರ್ತೃವಿಲ್ಲದ ವಾಕ್ಯಗಳಲ್ಲಿಯೇ ಅರ್ಧ ಮೈಲಿ ಮಾತನಾಡಿದೆ. ಆತನ ಮನೆಯ ಜಗುಲಿ ಮುಟ್ಟುವ ಹೊತ್ತಿಗೆ, ಬೇರೆ ದಾರಿ ಕಾಣದೆ, ‘ನೀವು’ ಎಂದೆ. ಆತ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ತಿರುಗಿ ನೋಡಿದ.

ಸಮಿತಿಯ ಅಪ್ಪಣೆ ಹೇಳಿದೆ. ಆತ ನಕ್ಕ.

“ನಾಲೆ ಬಗ್ಗೆ ಏನ್ ಬರೀಲಿ ಸ್ವಾಮಿ? ನೀರು ಬತ್ತದೆ, ಓಯ್ತದೆ. ಕೆಳಗ್ಲವ್ನು ಬರ್ನಿಲ್ಲ ಅಂತ ಬಯ್ತಾನೆ, ಮೇಗ್ಲವ್ನು ಜಾಸ್ತಿಯಾಯ್ತು ಅಂತ ಬಯ್ತಾನೆ. ಇಪ್ಪತ್ತೊರ್ಸದಿಂದ ಇದೇಯ. ಇದ್ನ ಯಾವನು ಓದಾನು?”

“ಇಂಜಿನಿಯರ ಹೆಂಡತಿಯ ಕಥೆ ಮಾತ್ರ ಓದುತ್ತಾರೆಯೋ?”

“ಓದ್ಲಿ ಬುಡ್ಲಿ, ನಂಗೆ ಬೇಕಾಗಿತ್ತು. ಆರೊರ್ಸ ಅವ್ರ ಕ್ವಾಟ್ರಸ್ಸಲ್ಲಿ ಚಾಕ್ರಿ ಮಾಡಿವ್ನಿ. ಮೂರ್ ಜನ ಸಾಹೇಬ್ರ ಸಾಮಾನು ಕಟ್ಟಿವ್ನಿ. ನಾಲೆ ನಂಗೊತ್ತು ಮೇಷ್ಟ್ರೇ, ಗೊತ್ತಿರದ್ನ ಯಾಕೆ ಬರೀಬೇಕು? ಆಯಮ್ಮ ಪೆಟ್ಗೆ ಮುಂದೆ ಸುಮ್ನೆ ಕುಂತ್ಕಂಡು ಏನ್ ಯೋಚ್ನೆ ಮಾಡ್ತಿದ್ರು ಅಂತ ಗೊತ್ತಾಗ್ನಿಲ್ಲ. ಅದ್ಕೆ ಬರ್ದೆ.”

ಪಾಠ ಹೇಳುವ ಕಸುಬಿನಲ್ಲಿ ಇಷ್ಟು ವರ್ಷವಿದ್ದೂ ಬರೆಯುವುದೇಕೆಂಬುದಕ್ಕೆ ಇಷ್ಟು ಚಿಕ್ಕ ಉತ್ತರವನ್ನು ನಾನು ಕೇಳಿರಲಿಲ್ಲ. ಆತ ಒಳಗಿನಿಂದ ಒಂದು ಕಾರ್ಡು ತಂದು ತೋರಿಸಿದ. ಎಂಟು ತಿಂಗಳ ಕೆಳಗೆ ಮೈಸೂರಿನ ಒಬ್ಬ ಪ್ರಕಾಶಕರಿಗೆ ಹಸ್ತಪ್ರತಿ ಕಳಿಸಿದ್ದನಂತೆ. ಕೃತಿ ಚೆನ್ನಾಗಿದೆಯೆಂದೂ, ತಮ್ಮಂಥವರಿಗೆಂದೇ ಈಗ ಯೋಜನೆಯೊಂದು ಬರುತ್ತಿರುವುದರಿಂದ ಅಲ್ಲಿಗೇ ಕಳುಹಿಸುವುದು ಉಚಿತವೆಂದೂ ಅವರು ಬಹಳ ವಿನಯದಿಂದ ಬರೆದಿದ್ದರು. ಬಡವರಿಗೆಂದು ಪಕ್ಕದಲ್ಲೊಂದು ಕಿರುಬಾಗಿಲು ಮಾಡಿಸಿಕೊಟ್ಟರೆ ಮುಂಬಾಗಿಲಿನವರಿಗೆ ಎಷ್ಟು ನೆಮ್ಮದಿಯೆಂಬುದು ನನಗೆ ಆ ಕಾರ್ಡಿನಿಂದ ತಿಳಿಯಿತು.

“ನಂದೊಂದೇ ಆಸೆ ಸ್ವಾಮಿ. ಮೇಗಡೆ ನನ್ನೆಸ್ರು ಇರ್ಲಿ, ಸೌಡಿ ಅಂತ ಬ್ಯಾಡ. ಫೋಟನೂ ಬ್ಯಾಡ. ಯಾರೋ ಬಸ್‌ಸ್ಟ್ಯಾಂಡಲ್ಲಿ ತಗಂಡು, ಬರ್ದೋನು ಯಾರು ಎತ್ತ ಅಂತ ಗೊತ್ತಿಲ್ದೆ ಓದ್ಬೇಕು. ಓದಿ, ಸಂದಾಗೈತೆ ಅಂದ್ರೂ ಸೈ, ಥೂ ಅಂದ್ರೂ ಸೈ.”

ಆತ ಕೇಳಿದ್ದು ಇಷ್ಟೇ. ಯೋಜನೆ ಕೊಡಲಾರದ್ದೂ ಅದೊಂದೇ.

ಮಜ್ಜಿಗೆ ತಂದಿಟ್ಟ ಆತನ ಹೆಂಡತಿ ಬಾಗಿಲಲ್ಲೇ ನಿಂತಳು. “ಬರ್ದು ಬಿಸಾಕು ಅತ್ಲಾಗೆ. ನಮ್ಮನೇಲಿ ಇಲ್ದಿರದೆಲ್ಲಾ ನೂರೈವತ್ತು ಪುಟ ಗೀಚಿದ್ದೀಯ, ಇರೋದು ಮೂರ್ ಪುಟ ಬರ್ದ್ರೆ ಕೈ ಸವ್ದೋಯ್ತದಾ?”

“ಸುಮ್ಕಿರಮ್ಮಿ, ನಿಂಗ್ ಗೊತ್ತಾಗಕ್ಕಿಲ್ಲ.”

“ಊಂ ಕಣಪ್ಪ, ನಂಗೆ ಗೊತ್ತಾಗಕ್ಕಿಲ್ಲ. ಇಂಜಿನೇರ್ ಎಂಡ್ತಿ ಜಾಡಿ ಗೊತ್ತು ನಿಂಗೆ, ನನ್ನ ಜಾಡಿಲಿ ಉಪ್ಪೈತಾ ಇಲ್ವಾ ಗೊತ್ತಾ?”

ಸಾಹಿತ್ಯ ವಿಮರ್ಶೆಯಲ್ಲಿ ಇದಕ್ಕೂ ಒಂದು ಸ್ಥಾನವಿದೆ. ಆತ ಬರೆಯುವ ಪ್ರಯತ್ನ ಮಾಡುತ್ತೇನೆಂದ.

ಎರಡು ವಾರದ ಮೇಲೆ ಪೋಸ್ಟ್ ಕಾರ್ಡು ಬಂತು. “ಸೌಡಿ ಎದ್ದನು. ತೂಬು ತೆಗೆದನು. ತೂಬು ಮುಚ್ಚಿದನು. ಮನೆಗೆ ಬಂದು ಉಂಡನು. ಇದಕ್ಕಿಂತ ಹೆಚ್ಚಿಗೆ ಬರುತ್ತಿಲ್ಲ. ತಾವೇ ಬರೆದುಕೊಂಡರೆ ನನ್ನ ಅಡ್ಡಿಯಿಲ್ಲ.”

ಬರೆದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಹಣೆಗಿಟ್ಟುಕೊಂಡು, ಪಡಸಾಲೆಯಲ್ಲಿ ಕುಳಿತು ಶ್ರಮಿಕನ ಸ್ವಾನುಭವವನ್ನು ಬರೆದೆ. ನನ್ನ ಸೌಡಿ ವೈಶಾಖದ ಉರಿಬಿಸಿಲಲ್ಲಿ, ಬಿರುಕುಬಿಟ್ಟ ಅಂಗಾಲುಗಳಲ್ಲಿ, ತುಂಬಿ ಹರಿಯುವ ನಾಲೆಗೆ ಮೊಣಕಾಲುದ್ದ ಇಳಿದು ನಿಂತ. ಊರಿಗೆಲ್ಲ ನೀರುಣಿಸುವ ತನ್ನ ಬಾಯಾರಿಕೆಯನ್ನು ಆ ನೀರಿಗೇ ಹೇಳಿಕೊಂಡ. ಇಂಜಿನಿಯರ ಹೆಂಡತಿ ಕಿಟಕಿಯಿಂದ ನೋಡಿ ಕಣ್ಣೊರೆಸಿಕೊಂಡಳು. ಬರೆದು ಮುಗಿಸುವಾಗ ನನ್ನ ಕಣ್ಣಲ್ಲೂ ನೀರು. ನನ್ನ ಬರಹಕ್ಕೆ ನಾನೇ ಅತ್ತದ್ದು ಅದೇ ಮೊದಲು, ಅಲ್ಲೇ ಎಚ್ಚರಗೊಳ್ಳಬೇಕಿತ್ತು. ಮೂರು ಪುಟವನ್ನು ಐದನೆಯ ಅಧ್ಯಾಯದಲ್ಲಿ ಸೇರಿಸಿ, ಇಡೀ ಕಾದಂಬರಿಯನ್ನು ನನ್ನ ಕೈಯಲ್ಲೇ ಕಾರ್ಬನ್ ಹಾಕಿ ಮೂರು ಶುದ್ಧಪ್ರತಿ ಮಾಡಿ ಕಳಿಸಿದೆ.

ಸಮಿತಿ ಕರಗಿತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಪ್ರೊಫೆಸರರು ಆ ಪುಟಗಳನ್ನು ಗಟ್ಟಿಯಾಗಿ ಓದಿ, “ನೋಡಿದಿರಾ ಮೇಷ್ಟ್ರೇ? ಇಡೀ ಕಾದಂಬರೀಲಿ ಇವನ ದನಿ ಕೇಳೋದು ಇಲ್ಲಿ ಮಾತ್ರ. ನೀವು ನಾನು ತಲೆಕೆಳಗಾಗಿ ನಿಂತರೂ ಇದನ್ನ ಬರೆಯೋಕಾಗಲ್ಲ. ಅನುಭವಿಸಿದವನೇ ಬರೀಬೇಕು,” ಎಂದರು. ಹೌದೆಂದು ತಲೆಯಾಡಿಸಿದೆ. ಮೂರು ಪುಟಗಳ ಅಂಚಿನಲ್ಲೂ ‘ಸ್ವಾನುಭವ’ ಎಂದು ಬರೆದು ಅಧ್ಯಕ್ಷರು ರುಜು ಹಾಕಿದರು. ಇನ್ನು ಅವು ನನ್ನಿಂದ ಸುರಕ್ಷಿತ.

ಫೆಬ್ರವರಿ ಕೊನೆಗೆ ಮಂಡ್ಯದ ಪ್ರೆಸ್ಸಿನಿಂದ ಗ್ಯಾಲಿ ಪ್ರೂಫು ಬಂತು. ಕಾಗದದ ಉದ್ದನೆಯ ಪಟ್ಟಿಗಳು, ಇನ್ನೂ ಮಸಿಯ ವಾಸನೆ. ಸೌಡಿಗೆ ಹೇಳಿಕಳಿಸಿದೆ. ಆತ ಮದ್ದೂರಿಗೆ ಬಂದು, ನಮ್ಮ ಪಡಸಾಲೆಯ ಕಂಬಕ್ಕೊರಗಿ, ಬೆರಳಿಟ್ಟು ಓದತೊಡಗಿದ. ತನ್ನ ಅಕ್ಷರ ಅಚ್ಚಿನಲ್ಲಿ ಕಂಡಾಗ ಮನುಷ್ಯನ ಮುಖ ಹೇಗಾಗುತ್ತದೆಂಬುದನ್ನು ನೋಡಿದೆ. ಐದನೆಯ ಅಧ್ಯಾಯಕ್ಕೆ ಬಂದಾಗ ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ನಿಂತಿತು.

“ಮೇಷ್ಟ್ರೇ, ವೈಸಾಕದಲ್ಲಿ ನಮ್ ನಾಲೇಲಿ ನೀರಿರಾಕಿಲ್ಲ.”

“ಏನು?”

“ಬೇಸ್ಗೇಲಿ ಮುಚ್ಚಿರ್ತಾರೆ ಸ್ವಾಮಿ. ಊಳೆತ್ತಾರೆ, ಕಟ್ಟೆ ಮೆತ್ತಾರೆ. ಐಕ್ಳು ನಾಲೆ ಒಳ್ಗೇ ಚಿನ್ನಿದಾಂಡು ಆಡ್ತವೆ. ನೀವು ನನ್ನ ಮಂಡಿಯುದ್ದ ನೀರಲ್ಲಿ ನಿಲ್ಸಿದ್ದೀರಿ.”

ಕಾವೇರಿ ನೀರುಣ್ಣುವ ಜಿಲ್ಲೆಯಲ್ಲಿ ಹುಟ್ಟಿ, ಅದರದೇ ಅನ್ನ ತಿಂದು, ನಾಲೆಯ ಬಾಗಿಲು ಯಾವಾಗ ಮುಚ್ಚುತ್ತದೆಂದು ತಿಳಿಯದೆ ಬೆಳೆದಿದ್ದೆ. ಉರಿಬಿಸಿಲೂ ಬೇಕು, ತುಂಬಿದ ನೀರೂ ಬೇಕು ಎಂದು ಕವಿಗಳ ಹಾಗೆ ಎರಡನ್ನೂ ಒಟ್ಟಿಗೆ ಬಿಟ್ಟಿದ್ದೆ.

“ಬ್ಯಾರೆಯೋರು ಓದುದ್ರೆ ಏನೂ ಇಲ್ಲ. ನಮ್ ಸೌಡಿಗಳು ಓದುದ್ರೆ ಉಗೀತಾರೆ. ಇಪ್ಪತ್ತೊರ್ಸ ನಾಲೆ ಕಾದೋನು ಇಂಗೆ ಬರ್ದವ್ನಲ್ಲ ಅಂತಾರೆ. ಕಣ್ಣೀರು ಬೇಕಾದ್ರೆ ಇರ್ಲಿ ಸ್ವಾಮಿ, ನೀರ್ ಒಂದ ತೆಗ್ಸಿ.”

ಮರುದಿನವೇ ರಜೆ ಹಾಕಿ ಮಂಡ್ಯದ ರೈಲು ಹತ್ತಿದೆ. ಪ್ರೆಸ್ಸಿನವರು ಅಚ್ಚಿನ ಮೊಳೆಗಳನ್ನು ಚೌಕಟ್ಟಿಗೆ ಇನ್ನೂ ಬಿಗಿದಿರಲಿಲ್ಲ. ಆದರೆ ಸಮಿತಿಯ ಚೀಟಿಯಿಲ್ಲದೆ ಗುರುತು ಹಾಕಿದ ಪುಟದ ಮೊಳೆ ಕದಲಿಸುವುದಿಲ್ಲವೆಂದರು. ಪ್ರೊಫೆಸರರ ಮನೆಗೆ ಹೋಗಿ, ವೈಶಾಖವನ್ನು ಕಾರ್ತಿಕ ಮಾಡಿದರೆ ಸಾಕೆಂದು ಬೇಡಿಕೊಂಡೆ.

ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. “ಮೇಷ್ಟ್ರೇ, ಒಬ್ಬ ಸೌಡಿಗೆ ನೀವು ನಾಲೆ ಹೇಳಿಕೊಡ್ತೀರಾ?”

“ನಾನಲ್ಲ. ಆತನೇ ಹೇಳಿದ್ದು.”

“ನಿಮ್ಮ ಜಗುಲಿ ಮೇಲೆ ಕೂತು ಹೇಳಿರ್ತಾನೆ. ನಿಮ್ಮಂಥವರ ಎದುರಿಗೆ ಅವರು ಎಲ್ಲದಕ್ಕೂ ಹೂಂ ಅಂತಾರೆ ಸಾರ್. ಒಬ್ಬನೇ ಕೂತು ಬರೀವಾಗ ಬಂತಲ್ಲ, ಅದು ಸತ್ಯ. ಈ ಮೂರು ಪುಟವಾದರೂ ಅವನ ಪಾಲಿಗೆ ಬಿಡಿ.”

ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ, ಬರೆದವನು ಯಾರೆಂಬುದೊಂದನ್ನು ಬಿಟ್ಟು. ‘ಬರೆದವನು ನಾನು’ ಎಂದರೆ ಮುಗಿಯುತ್ತಿತ್ತು. ಆ ಎರಡು ಪದ ನಾಲಿಗೆಯ ತುದಿಯವರೆಗೆ ಬಂದವು. ಹೇಳಿದರೆ ಸೌಡಿ ಮೋಸಗಾರ, ನಾನು ಕಳ್ಳ, ಪುಸ್ತಕ ವಜಾ. ತಿಂಗಳೊಳಗೆ ಮಂಜೂರಾತಿಯೂ ಬಿದ್ದುಹೋಗುತ್ತದೆ. ಮೈಸೂರಿನ ಬಾಗಿಲು ಆಗಲೇ ಮುಚ್ಚಿದೆ. ಹೇಳದಿದ್ದರೆ ನೂರ ನಲವತ್ತು ಒಳ್ಳೆಯ ಪುಟಗಳು ಮೂರು ಸುಳ್ಳು ಪುಟಗಳ ಬೆನ್ನೇರಿ ಹೊರಗೆ ಬರುತ್ತವೆ. ಕಾಫಿ ಕುಡಿದು, ನಮಸ್ಕಾರ ಹೇಳಿ ಎದ್ದು ಬಂದೆ.

ವಾಪಸು ಬರುವಾಗ ಹನಕೆರೆಯಲ್ಲಿ ಎದುರು ಗಾಡಿಗಾಗಿ ರೈಲು ಮುಕ್ಕಾಲು ಗಂಟೆ ನಿಂತಿತು. ಇಳಿದು, ಮಂಡ್ಯಕ್ಕೆ ಹಿಂದಿರುಗಿ ಹೇಳಿಬಿಡುವ ಮನಸ್ಸು ಮಾಡಲು ಬೇಕಾದಷ್ಟು ಸಮಯವಿತ್ತು. ಪ್ಲಾಟ್‌ಫಾರಂ ಮೇಲೆ ಇಳಿದೆ ಕೂಡ. ಎರಡು ಸಲ ಅತ್ತಿಂದಿತ್ತ ನಡೆದೆ. ಗಾರ್ಡು ಸೀಟಿ ಊದಿದಾಗ ಹತ್ತಿಕೊಂಡೆ. ಮನೆಗೆ ಬಂದು, ಅಚ್ಚಿನ ಕಾರ್ಯ ಮುಂದುವರಿದಿರುವುದರಿಂದ ತಾವು ಸೂಚಿಸಿದ ತಿದ್ದುಪಡಿ ಸಾಧ್ಯವಾಗಲಿಲ್ಲವೆಂದು ಸೌಡಿಗೆ ಕಾರ್ಡು ಬರೆದೆ. ನನ್ನ ಜೀವಮಾನದಲ್ಲಿ ನಾನು ಬರೆದ ಅತ್ಯಂತ ಶುದ್ಧವಾದ ವಾಕ್ಯ ಅದು. ಒಂದಕ್ಷರವೂ ನಿಜವಿರಲಿಲ್ಲ.

ಬಿಡುಗಡೆ ಮಂಡ್ಯದಲ್ಲಿ, ಒಂದು ಸಭಾಂಗಣದಲ್ಲಿ, ಹಗಲು ಹನ್ನೊಂದು ಗಂಟೆಗೆ. ರಕ್ಷಾಪುಟದ ಮೇಲೆ ಆತನ ಹೆಸರಿಗಿಂತ ‘ಸೌಡಿ’ ಎಂಬುದು ದಪ್ಪಕ್ಷರದಲ್ಲಿತ್ತು. ಕೀಲಿ ಹಿಡಿದ ಫೋಟೋ ಇತ್ತು. ಮುನ್ನುಡಿಯಲ್ಲಿ ಅಧ್ಯಕ್ಷರು, ಕುಶಲತೆಯನ್ನು ಹುಡುಕದೆ ಹೃದಯವನ್ನು ಹುಡುಕಬೇಕೆಂದು ಓದುಗರನ್ನು ಕೇಳಿಕೊಂಡಿದ್ದರು. ಮುಂದಿನ ಸಾಲುಗಳಲ್ಲಿ ಅಧಿಕಾರಿಗಳು, ಅಧ್ಯಾಪಕರು. ಹಿಂದೆ, ಇಲಾಖೆಯ ಲಾರಿಯಲ್ಲಿ ಬಂದಿದ್ದ ಹದಿನೈದಿಪ್ಪತ್ತು ಸೌಡಿಗಳು. ತಮ್ಮವನೊಬ್ಬ ಪುಸ್ತಕ ಬರೆದನೆಂದು ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಟ್ಟು ಬಂದಿದ್ದರು.

ಲೇಖಕರು ತಮ್ಮ ಕೃತಿಯಿಂದ ಓದಬೇಕೆಂದು ಪ್ರೊಫೆಸರರು ಕೋರಿದರು. ಯಾವ ಪುಟವೆಂದು ಗುರುತಿಗೆ ಕಾಗದವನ್ನೂ ಇಟ್ಟುಕೊಟ್ಟಿದ್ದರು. ಆತ ಕೀಲಿಯನ್ನು ಮೇಜಿಗೊರಗಿಸಿ, ಪುಸ್ತಕ ತೆರೆದು ಓದಿದ. ನನ್ನ ವೈಶಾಖ, ನನ್ನ ಅಂಗಾಲು, ನನ್ನ ತುಂಬಿದ ನಾಲೆ. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ ಕಿಸಕ್ಕೆಂದರು. ಆಮೇಲೆ ಒಂದು ದನಿ:

“ಲೇ! ಬೇಸ್ಗೇಲಿ ಅದ್ಯಾವ ನಾಲೇಲಾ ನೀರು ಬಂದದ್ದು? ನಮ್ಗೂ ವಸಿ ಬುಡ್ಲಾ!”

ಹಿಂದಿನ ಸಾಲುಗಳು ಗೊಳ್ಳೆಂದು ನಕ್ಕವು. “ಸುಳ್ಳು ಏಳಕ್ಕೂ ಒಂದ್ ಇತಿಮಿತಿ ಬ್ಯಾಡ್ವಾ ಇವ್ನಿಗೆ,” ಎಂದರು ಇನ್ನೊಬ್ಬರು. ಮುಂದಿನ ಸಾಲಿನವರು ಸದ್ದು ಮಾಡಬೇಡಿರೆಂದು ತಿರುಗಿ ಕಣ್ಣುಬಿಟ್ಟರು. ಆತ ಓದುವುದನ್ನು ನಿಲ್ಲಿಸಿದ. ಮೊದಲನೆಯ ಸಾಲಿನ ತುದಿಯಲ್ಲಿ ಕುಳಿತಿದ್ದ ನನ್ನನ್ನು ನೋಡಿದ. ಆ ಒಂದು ಗಳಿಗೆಯಲ್ಲಿ ಆತ ಕೈ ತೋರಿಸಿಬಿಟ್ಟಿದ್ದರೆ ನನಗೆ ದೊಡ್ಡ ಉಪಕಾರವಾಗುತ್ತಿತ್ತು. ನಾನೇ ಎದ್ದು ನಿಲ್ಲಬಹುದಿತ್ತು ಎಂಬುದೂ ನಿಜ. ಕುರ್ಚಿಯ ಕೈಗಳನ್ನು ಹಿಡಿದುಕೊಂಡು ಕುಳಿತೇ ಇದ್ದೆ.

“ಒಂದೊರ್ಸ ಬಂದಿತ್ತು ಕಣ್ಲಾ,” ಎಂದ ಆತ, ಹಿಂದಿನ ಸಾಲಿಗೆ. ಮತ್ತೆ ಪುಸ್ತಕ ನೋಡಿ ಓದು ಮುಂದುವರಿಸಿದ.

ಚಪ್ಪಾಳೆ ಚೆನ್ನಾಗಿ ಬಿತ್ತು. ಸೌಡಿಗಳು ಊಟಕ್ಕೆ ನಿಲ್ಲಲಿಲ್ಲ.

ಮುಂದಿನ ವರ್ಷ ಶಾಲೆ ತೆರೆದ ವಾರದಲ್ಲಿ ಆತ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಹೊಸ ಕಟ್ಟು. ಯೋಜನೆಯವರೇ ಎರಡನೆಯದನ್ನು ಕೇಳಿದ್ದರಂತೆ. ಆತ ಬಾಯಿ ತೆರೆಯುವ ಮೊದಲೇ, ನಾನು ಕೂಡಿಟ್ಟುಕೊಂಡಿದ್ದ ಒಂದೇ ಒಳ್ಳೆಯ ಸುದ್ದಿಯನ್ನು ಹೇಳಿದೆ. ಬೆಳಕವಾಡಿಯಾಚೆ ಬ್ಲಫ್ ಎಂಬಲ್ಲಿರುವ ಕರೆಂಟು ಆಫೀಸಿನ ಅಧಿಕಾರಿಯೊಬ್ಬರ ಹೆಂಡತಿ ಮದುವೆಯ ಮನೆಯೊಂದರಲ್ಲಿ, ಪುಸ್ತಕ ತಿದ್ದಿದವನು ನಾನೆಂದು ಯಾರಿಂದಲೋ ತಿಳಿದು, ನನ್ನನ್ನು ಹುಡುಕಿ ಬಂದು, ಆ ಜಾಡಿಯ ವಿಷಯ ಇವರಿಗೆ ಹೇಗೆ ಗೊತ್ತಾಯಿತು, ನಾವು ಹೆಂಗಸರು ಗಂಡಂದಿರಿಗೂ ಹೇಳುವುದಿಲ್ಲವಲ್ಲ, ಎಂದು ಕೇಳಿದ್ದರು. ಆಕೆಯ ಬಳಿ ಇದ್ದ ಪ್ರತಿಗೆ ರಕ್ಷಾಪುಟ ಹರಿದುಹೋಗಿತ್ತಂತೆ; ಬರೆದವರು ಯಾರು ಎತ್ತ ಎಂದು ಆಕೆಗೆ ತಿಳಿಯದು.

“ಎಲ್ಲಿ, ಇನ್ನೊಂದ್ಸಲ ಏಳಿ,” ಎಂದ.

ಹೇಳಿದೆ. ಆತ ತಲೆ ತಗ್ಗಿಸಿ, ಪ್ರತಿ ಮಾತನ್ನೂ ಕೇಳಿಸಿಕೊಂಡ. “ಒಬ್ರಾದ್ರೂ ಓದುದ್ರಲ್ಲ. ಸಾಕು ಬುಡಿ,” ಎಂದು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟ. “ಈ ಸಲ ನಿಮ್ಗೆ ತೊಂದ್ರೆ ಇಲ್ಲ ಸ್ವಾಮಿ. ಎಲ್ಲಾನೂ ನಾನೇ ಹಾಕಿವ್ನಿ. ಬೆವ್ರು, ಅಸಿವು, ಅಂಗಾಲು. ಬೇಸ್ಗೇಲಿ ನೀರೂ ಬುಟ್ಟಿವ್ನಿ. ಅದಿಲ್ದಿದ್ರೆ ಅವ್ರಿಗೆ ರುಚಿಸಾಕಿಲ್ಲ.”

“ನಿಮಗೆ ಬೇಕಾದದ್ದನ್ನು ಬರೆಯಬಹುದಿತ್ತಲ್ಲ?”

“ಅದ ಒಂದ್ಸಲ ಬರ್ದು ನೋಡುದ್ನಲ್ಲ ಮೇಷ್ಟ್ರೇ.”

ದನಿಯಲ್ಲಿ ಕೋಪವಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ಎರಡು ದಿನದಲ್ಲಿ ಓದಿ ಮುಗಿಸಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನನ್ನದೇ ಶೈಲಿ, ನನಗಿಂತ ಚೆನ್ನಾಗಿತ್ತು. ಸಮಿತಿಗೆ ಏನು ಬೇಕೋ ಅದೆಲ್ಲ ಇತ್ತು, ಎಲ್ಲಿಯೂ ಯಾರೂ ಪೆಟ್ಟಿಗೆಯ ಮುಂದೆ ಸುಮ್ಮನೆ ಕೂರಲಿಲ್ಲ. ಪೆನ್ನು ಹಿಡಿದು ಎಷ್ಟು ಹುಡುಕಿದರೂ ಒಂದು ಕೊಂಬು, ಒಂದು ದೀರ್ಘ ತಪ್ಪಿರಲಿಲ್ಲ. ಫಾರಂ ತುಂಬಿದೆ. ‘ಪರಿಷ್ಕರಣಕಾರರ ಅಭಿಪ್ರಾಯ’ ಎಂಬ ಕಾಲಮ್ಮಿನಲ್ಲಿ, ‘ತಿದ್ದಲು ಏನೂ ಉಳಿದಿಲ್ಲ’ ಎಂದು ಬರೆದು, ರುಜು ಹಾಕಿ, ಮಂಡ್ಯಕ್ಕೆ ಕಳಿಸಿಕೊಟ್ಟೆ.